ಕೆಂಪಿಯ ಬಾಯಿ ಮುಕ್ಕಳಿಸಿದ್ದು

"ಇನ್ನು ಮುಂದೆ ಕೆಂಪಿಯ ಎಂಜಿನ್ನಿಗೆ ಈ ಎರಡು ಕೈ ಬಿಟ್ಟರೆ ಮೂರನೆಯ ಕೈ ಸೋಕಕೂಡದು!"

ನಮ್ಮ ದಂತವೈದ್ಯರು ಊಟದ ಮೇಜಿನ ಮುಂದೆ ಎದ್ದು ನಿಂತು ಹೀಗೆ ಘೋಷಿಸಿದಾಗ ಆ ಎರಡು ಕೈಗಳ ಪೈಕಿ ಒಂದರಲ್ಲಿ ಚಮಚವಿತ್ತು, ಇನ್ನೊಂದರಲ್ಲಿ ಯಾರದೋ ಕೋಟಿನ ತೋಳಿತ್ತು. ತೋಳು ಎಲ್ಲಿಂದ ಬಂತು ಅಂತೀರಾ? ಡಾಕ್ಟರ ಶ್ರೀಮತಿಯವರು ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಊರಿನ ಅರ್ಧಕ್ಕರ್ಧ ವಕೀಲರು ಆಕೆ ಹೊಲಿದ ಕೋಟಿನೊಳಗೆ ನಿಂತೇ ವಾದ ಮಾಡುವುದು. ಆದರೆ ಹೊಲಿಯುವುದಕ್ಕೆ ಆ ಮನೆಯಲ್ಲಿ ಜಾಗ ಎಲ್ಲಿದೆ? ಊಟದ ಮೇಜೇ ಆಕೆಯ ಕಾರ್ಖಾನೆ. ಕೂರುವ ಮುಂಚೆ ಕುರ್ಚಿಯ ಮೇಲೆ ಗುಂಡುಸೂಜಿ ಇದೆಯೇ ಎಂದು ಕೈಯಾಡಿಸಿ ನೋಡುವುದು ಆ ಮನೆಯ ಶಿಷ್ಟಾಚಾರ. ಡಾಕ್ಟರು ಬಾಯಿ ಒರೆಸಿಕೊಳ್ಳಲು ಕರವಸ್ತ್ರವೆಂದುಕೊಂಡು ತೋಳನ್ನು ಎತ್ತಿಕೊಂಡಿದ್ದರು, ಅಷ್ಟೇ.

"ಮೊದ್ಲು ಆ ತೋಳು ಕೆಳಗಿಡಿ," ಎಂದರು ಶ್ರೀಮತಿ. "ಆಮೇಲೆ ಭಾಷಣ ಮಾಡಿ."

ಕೆಂಪಿ ಎಂದರೆ ಹಸು ಎಂದುಕೊಳ್ಳಬೇಡಿ. ಎರಡೇ ಬಾಗಿಲಿನ, ಉದ್ದ ಮೂಗಿನ, ನೆಲಕ್ಕೆ ಹೊಟ್ಟೆ ಸವರಿಕೊಂಡು ಓಡುವ ಹಳೆಯ ಕೆಂಪು ಕಾರು. ಪ್ರಾಯದಲ್ಲಿ ಅದು ಗಾಳಿಯ ಜೊತೆ ಜಗಳಕ್ಕೆ ಬಿದ್ದು ಗೆದ್ದು ಬರುತ್ತಿತ್ತಂತೆ. ಈಗ ಅದಕ್ಕೂ ವಯಸ್ಸಾಗಿದೆ, ಡಾಕ್ಟರಿಗೂ ವಯಸ್ಸಾಗಿದೆ. ಆ ಕಾರಿನೊಳಗೆ ಕೂರುವುದೆಂದರೆ ಸ್ನಾನದ ತೊಟ್ಟಿಗೆ ಇಳಿದಂತೆ. ಮೇಲೆ ಏಳುವುದಕ್ಕೆ ಇನ್ನೊಬ್ಬರು ಕೈ ಕೊಡಬೇಕು. ಶಬ್ದವಂತೂ ಕೇಳಲೇಬೇಡಿ, ಸ್ಟಾರ್ಟ್ ಮಾಡಿದರೆ ಎದುರು ಮನೆಯ ಕಿಟಕಿ ಗಾಜು ಹಲ್ಲು ಕಡಿಯುತ್ತದೆ! ಇಷ್ಟಾಗಿ ಡಾಕ್ಟರು ಅದನ್ನು ಓಡಿಸುವ ವೇಗ ಯಾವುದು? ಎಂಜಿನ್ ಸವೆದೀತೆಂಬ ಭಯಕ್ಕೆ ಅವರು ಎಷ್ಟು ನಿಧಾನವೆಂದರೆ, ತರಕಾರಿ ಚೀಲ ತೂಗುಹಾಕಿಕೊಂಡ ಸೈಕಲ್ಲುಗಳು ಸಹ ಅವರನ್ನು ಹಿಂದಕ್ಕೆ ಹಾಕಿ, ತಿರುಗಿ ನೋಡಿ, ಕೈಬೀಸಿ ಹೋಗುತ್ತವೆ.

ಈ ಕೆಂಪಿ ವಾಸವಾಗಿದ್ದುದು ಮನೆಯ ಪಕ್ಕದ ಶೆಡ್ಡಿನಲ್ಲಿ. ಒಳ್ಳೆಯ ಶೆಡ್ಡು. ಬೆಳಕು ಬರುವ ದೊಡ್ಡ ಕಿಟಕಿ, ಸಮತಟ್ಟಾದ ನೆಲ, ಗೋಡೆಯ ತುಂಬ ಕಪಾಟು. ಶ್ರೀಮತಿಯವರ ಕಣ್ಣು ಬಹಳ ದಿನದಿಂದ ಅದರ ಮೇಲಿತ್ತು. ಗಂಡನ ಕಾರು ಅಲ್ಲಿ ಮಲಗಿ ನಿದ್ದೆ ಮಾಡುವುದು, ತಾನು ಅನ್ನದ ಪಾತ್ರೆಯ ಪಕ್ಕದಲ್ಲಿ ಕತ್ತರಿ ಆಡಿಸುವುದು, ಇದು ಯಾವ ನ್ಯಾಯ? ನೀವೇ ಹೇಳಿ.

ಅಂದಿನ ಭಾಷಣಕ್ಕೆ ಕಾರಣ ಒಂದು ಫೋನು. ಬೆಟ್ಟದ ಮೇಲೆ ಹೊಸ ಮನೆ ಕಟ್ಟಿಸಿಕೊಂಡಿದ್ದ ಷಡ್ಡಕ, ಅಂದರೆ ಶ್ರೀಮತಿಯ ತಂಗಿಯ ಗಂಡ, ಭಾನುವಾರದ ಊಟಕ್ಕೆ ಕರೆದಿದ್ದ. ಅವನು ಈಚೆಗೆ ಒಂದು ಬ್ಯಾಟರಿ ಕಾರು ತೆಗೆದುಕೊಂಡಿದ್ದ. ಅದಕ್ಕೆ ಎಣ್ಣೆ ಬೇಡ, ಹೊಗೆ ಇಲ್ಲ, ಸದ್ದಿಲ್ಲ. ಕಾರಿನ ಸದ್ದೆಲ್ಲ ಅವನ ಬಾಯಿಗೇ ಬಂದುಬಿಟ್ಟಿತ್ತು.

"ಭಾವ, ಭಾನುವಾರ ನೀವು ಕೆಂಪೀಲಿ ಬರ್ತೀರೋ, ಇಲ್ಲಾ ಊಟದ ಹೊತ್ತಿಗೆ ಬರ್ತೀರೋ?" ಎಂದು ಕೇಳಿ ಅವನು ನಕ್ಕ ನಗೆ ಫೋನಿನಿಂದ ಹೊರಬಿದ್ದು ಅಡುಗೆಮನೆಯವರೆಗೂ ಕೇಳಿಸಿತು.

ಡಾಕ್ಟರಿಗೆ ಮೈಯೆಲ್ಲ ಉರಿದುಹೋಯಿತು. "ಕೆಂಪೀಲೇ ಬರ್ತೀನಿ! ಊಟದ ಹೊತ್ತಿಗೆ ಮುಂಚೆನೇ ಬರ್ತೀನಿ!" ಎಂದು ಫೋನ್ ಕುಕ್ಕಿದರು.

ಶ್ರೀಮತಿಯವರು ಸೂಜಿಗೆ ದಾರ ಪೋಣಿಸುತ್ತ ಕೇಳಿದರು: "ಬೆಟ್ಟ ಹತ್ತುತ್ತೇನ್ರೀ ಅದು?"

"ಹತ್ತುತ್ತೇನಾ? ಹಾರುತ್ತೆ ಕಣೇ!"

"ಹಾಗಾದ್ರೆ ಒಂದು ಮಾತು. ನಮ್ಮನೆ ಗೇಟಿಂದ ನನ್ನ ತಂಗಿ ಮನೆ ಗೇಟಿನ ತನಕ ಅದು ತಾನಾಗೇ ಹೋಗ್ಬೇಕು. ಕೆಟ್ಟು ನಿಲ್ಲಬಾರದು. ಯಾರೂ ತಳ್ಳಬಾರದು, ಎಳೀಬಾರದು. ಹೋಯ್ತೋ, ಅದನ್ನ ಮಾರಿ ಅಂತ ಈ ಜನ್ಮದಲ್ಲಿ ನಾನು ಬಾಯಿ ಬಿಡಲ್ಲ. ನಿಂತ್ಕೊಳ್ತೋ, ಕಾರು ಮಾರಬೇಕು. ಶೆಡ್ಡು ನನ್ನದು."

"ಆಗ್ಲಿ!" ಎಂದರು ಡಾಕ್ಟರು. ಎಂದಾದ ಮೇಲೆ ಎದೆಯೊಳಗೆ ಏನೋ ಒಂದು ಸಣ್ಣಗೆ ಕುಯ್ ಎಂದಿತು. ಅವರಿಗೆ ಕೆಂಪಿ ಎಂದರೆ ಪ್ರಾಣ. ಕ್ಲಿನಿಕ್ಕಿನಲ್ಲಿ ದಿನವಿಡೀ ಬೇರೆಯವರ ಬಾಯಿಯೊಳಗೆ ಬದುಕುವ ಮನುಷ್ಯನಿಗೆ, ಸಂಜೆ ಹೋಗಿ ಅದರ ಬಾನೆಟ್ಟಿನ ಮೇಲೆ ಸುಮ್ಮನೆ ಕೈಯಿಟ್ಟು ನಿಲ್ಲುವುದೇ ಒಂದು ಸಮಾಧಾನ. ಅದು ಬೇರೆಯವರ ಅಂಗಳದಲ್ಲಿ ನಿಂತಿರುವುದನ್ನು ನೆನೆಸಿಕೊಂಡರೇ ಊಟ ಸೇರಲಿಲ್ಲ. ಆದ್ದರಿಂದಲೇ ಎದ್ದು ನಿಂತು, ಕೈ ಎತ್ತಿ, ಆ ಭಾಷಣ. ಕೆಂಪಿಯ ಎಂಜಿನ್ನನ್ನು ತಾವೇ ಸ್ವತಃ ಕ್ಲೀನ್ ಮಾಡಿ, ಜಗತ್ತಿನಲ್ಲೇ ಶ್ರೇಷ್ಠವಾದ ಎಣ್ಣೆ ಹಾಕಿ, ಬೆಟ್ಟ ಹತ್ತಿಸಿ, ಷಡ್ಡಕನ ಹೊಟ್ಟೆ ಉರಿಸಿಯೇ ತೀರುವುದೆಂದು ಶಪಥವಾಯಿತು.

"ಕ್ಲೀನ್ ಮಾಡ್ತೀರಾ?" ಎಂದರು ಶ್ರೀಮತಿ.

"ಬಾಯಿ ಮುಕ್ಕಳಿಸಿದ ಹಾಗೆ ಕ್ಲೀನ್ ಮಾಡ್ತೀನಿ!"

"ಓ," ಎಂದು ಆಕೆ ಹೊಲಿಗೆಗೆ ಮರಳಿದರು.

ಈಗ ಎಣ್ಣೆ ಯಾವುದು? ಪ್ರಶ್ನೆ ಸಣ್ಣದು ಎಂದುಕೊಂಡು ಡಾಕ್ಟರು ಹಳೇ ಕಾರಿನ ಅಭಿಮಾನಿಗಳ ಫೋನ್ ಗುಂಪಿನಲ್ಲಿ ಅದನ್ನು ಎಸೆದು ಮಲಗಿದರು. ಬೆಳಗ್ಗೆ ಎದ್ದು ನೋಡಿದರೆ ಗುಂಪು ರಣರಂಗ! ಗಟ್ಟಿ ಎಣ್ಣೆಯ ಪಕ್ಷದವರು ಒಂದು ಕಡೆ, ತೆಳು ಎಣ್ಣೆಯ ಪಕ್ಷದವರು ಇನ್ನೊಂದು ಕಡೆ. "ಹಳೇ ಎಂಜಿನ್ನಿಗೆ ತೆಳು ಎಣ್ಣೆ ಹಾಕೋನು ಮನುಷ್ಯನೇ ಅಲ್ಲ" ಎಂದು ಒಬ್ಬರು. "ಗಟ್ಟಿ ಎಣ್ಣೆ ಹಾಕೋ ಬದಲು ಡಾಂಬರು ಹಾಕ್ಕೊಳ್ಳಿ" ಎಂದು ಇನ್ನೊಬ್ಬರು. ಶಾಂತಿ ಮಾಡಿಸಲು ಬಂದ ನಿವೃತ್ತ ಮೇಷ್ಟರಿಗೆ ಎರಡೂ ಕಡೆಯಿಂದ ಬಿದ್ದು ಅವರು ಗುಂಪನ್ನೇ ಬಿಟ್ಟುಹೋದರು. ಕೆಂಪಿಯ ಹೆಸರು ಯಾರ ಬಾಯಲ್ಲೂ ಇಲ್ಲ!

ಡಾಕ್ಟರದು ಕ್ಲಿನಿಕ್ಕಿನಿಂದಲೂ ಫೋನಿನಲ್ಲಿ ಇದೇ ಚರ್ಚೆ. ಒಂದು ಮಧ್ಯಾಹ್ನ, ಕೊರೆಯುವ ಯಂತ್ರ ಕೈಯಲ್ಲಿ ಹಿಡಿದುಕೊಂಡೇ, "ಶನಿವಾರ ಮಧ್ಯಾಹ್ನಾನೇ ಎಣ್ಣೆ ಹಾಕೋದು ಸ್ವಾಮಿ, ಭಾನುವಾರದ ತನಕ ಯಾರು ಕಾಯ್ತಾರೆ?" ಎಂದು ಅವರು ನಕ್ಕಾಗ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಹೆಂಗಸು ಬಾಯಿ ಮುಚ್ಚಿಕೊಂಡು ಎದ್ದು, ಇನ್ನೊಂದು ದಿನ ಬರುತ್ತೇನೆಂದು ಹೋಗಿಬಿಟ್ಟರು.

ಕೊನೆಗೆ ಕೆಂಪಿಯ ಕೈಪಿಡಿ ತೆಗೆದು ನೋಡಿದರು. ಅದರಲ್ಲಿ ಸ್ಪಷ್ಟವಾಗಿ, ಎರಡೇ ಮಾತಿನಲ್ಲಿ, ಗಟ್ಟಿ ಎಣ್ಣೆ ಎಂದು ಬರೆದಿತ್ತು. "ಇದು ಹಳೇ ಕಾಲದ ಮಾತು" ಎಂದು ಮುಚ್ಚಿಟ್ಟು ಅಂಗಡಿಗೆ ಹೋದರು. ಅಲ್ಲಿ ಚಿನ್ನದ ಬಣ್ಣದ ಡಬ್ಬಿಯೊಂದು ಕಣ್ಣು ಹೊಡೆಯಿತು. ತೆಳುವೆಂದರೆ ತೆಳು, ನೀರಿನಂಥ ಎಣ್ಣೆ. ರೇಸಿನ ಕಾರುಗಳಿಗೆಂದೇ ಮಾಡಿದ್ದು. ಮೇಲೆ ದಪ್ಪ ಅಕ್ಷರದಲ್ಲಿ, ಮೂಲೆ ಮೂಲೆಯ ಕೊಳೆಯನ್ನೂ ಬಿಡದೆ ತೊಳೆಯುತ್ತದೆ ಎಂದಿತ್ತು. ಕೊಳೆ ತೊಳೆಯುವುದು ಎಂಬ ಮಾತು ಕೇಳಿದರೆ ದಂತವೈದ್ಯನ ಮನಸ್ಸು ಕರಗದೆ ಇರುತ್ತದೆಯೇ? ಅದನ್ನೇ ಕೊಂಡರು. ಅದಕ್ಕೆ ಮುಂಚೆ ಎಂಜಿನ್ನಿನ ಒಳಗನ್ನು ಕಲಕಿ ತೊಳೆಯುವ ಇನ್ನೊಂದು ದ್ರಾವಣವನ್ನೂ ಕೊಂಡರು.

ಆದರೂ ಡಾಕ್ಟರು ಮುಂದಾಲೋಚನೆ ಇಲ್ಲದವರಲ್ಲ. ತಜ್ಞರೊಬ್ಬರ ಅಭಿಪ್ರಾಯ ಇರಲಿ ಎಂದು ಯೋಚಿಸಿದರು. ಅದೃಷ್ಟಕ್ಕೆ, ಊರಿನ ಕಾರುಗಳಿಗೆಲ್ಲ ತಾನೇ ದೇವರೆಂದು ತಿರುಗುತ್ತಿದ್ದ ಮೆಕ್ಯಾನಿಕ್ಕು ಶುಕ್ರವಾರ ಹಲ್ಲುನೋವೆಂದು ಅವರ ಕುರ್ಚಿಗೇ ಬಂದು ಬಿದ್ದ. ಗ್ಯಾರೇಜಿನಲ್ಲಿ ಹುಲಿ. ಇಲ್ಲಿ ಸೂಜಿ ಕಂಡರೆ ಇಲಿ.

ಈ ದಂತವೈದ್ಯರಿಗೆಲ್ಲ ಒಂದು ಅಭ್ಯಾಸವಿದೆ, ನೀವೂ ಅನುಭವಿಸಿರುತ್ತೀರಿ. ನಮ್ಮ ಬಾಯಿಗೆ ಹತ್ತಿ, ಕನ್ನಡಿ, ನೀರು ಹೀರುವ ಕೊಳವೆ ಎಲ್ಲವನ್ನೂ ತುರುಕಿ, ನಾಲಿಗೆ ಅಲ್ಲಾಡಿಸಲು ಜಾಗವಿಲ್ಲದಂತೆ ಮಾಡಿದ ಮೇಲೆಯೇ ಅವರಿಗೆ ಮಾತು ಬರುವುದು. "ಮಕ್ಕಳು ಏನ್ ಓದ್ತಿದಾರೆ?" "ಆಅ." "ಒಳ್ಳೇದಾಯ್ತು!" ಅವರಿಗೆ ಉತ್ತರ ಬೇಕಿಲ್ಲ, ಸದ್ದು ಸಾಕು. ವರ್ಷಗಟ್ಟಲೆ ಹೀಗೆ ಮಾತಾಡಿ ಮಾತಾಡಿ, ಜಗತ್ತೆಲ್ಲ ತಮ್ಮ ಮಾತನ್ನು ಒಪ್ಪುತ್ತದೆಂದು ನಮ್ಮ ಡಾಕ್ಟರಿಗೆ ಖಾತ್ರಿಯಾಗಿತ್ತು.

"ನಾಳೆ ಕೆಂಪಿ ಎಂಜಿನ್ನನ್ನ ದ್ರಾವಣ ಹಾಕಿ ಪೂರ್ತಿ ತೊಳೀತೀನಿ," ಎಂದರು ಮೆಕ್ಯಾನಿಕ್ಕಿನ ದವಡೆ ಕೆರೆಯುತ್ತ.

"ಆಆ! ಆಆ!" ಎಂದ ಮೆಕ್ಯಾನಿಕ್ಕು. ಕಣ್ಣು ಗೋಲಿಯಷ್ಟಾಯಿತು.

"ಆಶ್ಚರ್ಯ ಆಯ್ತಲ್ಲ? ಹಳೇ ಕೊಳೆ ಒಂದು ಚೂರೂ ಬಿಡಲ್ಲ. ಆಮೇಲೆ ಅತೀ ತೆಳು ಎಣ್ಣೆ. ರೇಸಿಂದು."

"ಏಆ! ಏಆ ಆಆ!" ಅವನು ಎರಡೂ ಕೈ ಎತ್ತಿ ಗಾಳಿಯಲ್ಲಿ ಬೀಸಿದ, ತಲೆ ಅಲ್ಲಾಡಿಸಿದ.

"ತಲೆ ಅಲ್ಲಾಡಿಸ್ಬೇಡಿ, ನಾಲಿಗೆ ಕೊಯ್ದುಹೋಗುತ್ತೆ. ಖುಷಿ ಆದ್ರೆ ಆಮೇಲೆ ಕುಣೀರಿ."

ಕೆಲಸ ಮುಗಿದಾಗ ಮೆಕ್ಯಾನಿಕ್ಕಿನ ಅರ್ಧ ಮುಖ ಮರಗಟ್ಟಿ, ಬಾಯ್ತುಂಬ ಹತ್ತಿ. ಒಂದು ಗಂಟೆ ಮಾತಾಡಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಅವನು ಬಾಗಿಲಲ್ಲಿ ನಿಂತು ಏನೋ ಸನ್ನೆ ಮಾಡಿದ. ಎದೆ ಬಡಿದುಕೊಂಡ. "ಅಷ್ಟೊಂದು ಕೃತಜ್ಞತೆ ಬೇಡಪ್ಪಾ, ಅದು ನಮ್ಮ ಕರ್ತವ್ಯ," ಎಂದು ಡಾಕ್ಟರು ಬೆನ್ನು ತಟ್ಟಿ ಕಳಿಸಿದರು.

ಶನಿವಾರ ಮಧ್ಯಾಹ್ನ ಶೆಡ್ಡಿನೊಳಗೆ ಶಸ್ತ್ರಚಿಕಿತ್ಸೆ. ಬಿಳಿ ಕೋಟು, ಕೈಗವಸು, ಮೂಗಿಗೆ ಮಾಸ್ಕು, ಹಣೆಗೆ ದೀಪ! ದ್ರಾವಣವನ್ನು ಎಂಜಿನ್ನಿಗೆ ಸುರಿದು ಸ್ಟಾರ್ಟ್ ಮಾಡಿದರು. ಡಬ್ಬಿಯ ಮೇಲೆ ಸ್ವಲ್ಪ ಹೊತ್ತು ಸಾಕು ಎಂದು ಬರೆದಿತ್ತು. "ಮುಕ್ಕಳಿಸಿದಷ್ಟೂ ಒಳ್ಳೇದು" ಎಂದು ಡಾಕ್ಟರು ಹೋಗಿ ಕಾಫಿ ಕುಡಿದು, ಪೇಪರು ಓದಿ ಬಂದರು. ಬಂದು ಜಾಕ್ ಕೊಟ್ಟು ಕಾರನ್ನು ಎತ್ತಿ, ಕೆಳಗೆ ತೆವಳಿ, ಅಡಿಯ ಬೋಲ್ಟು ಬಿಚ್ಚಿದರು.

ಏನು ಬಂತು ಅಂತೀರಿ! ಕಪ್ಪು. ಕಪ್ಪಿನೊಳಗೆ ಕಪ್ಪು ಹೆಂಟೆ. ಹೆಂಟೆಯ ಹಿಂದೆ ಪಾಚಿ.

"ಬಾರೇ ಇಲ್ಲಿ! ಬೇಗ ಬಾ! ಎಂಥಾ ಕೊಳೆ ನೋಡು! ನನ್ನ ಸರ್ವೀಸಲ್ಲೇ ಇಂಥದ್ದು ನೋಡಿಲ್ಲ!"

ಶ್ರೀಮತಿಯವರು ಬಂದರು. ಅವರು ಕೊಳೆ ನೋಡಲಿಲ್ಲ. ಕೊಳೆಯ ಕೆಳಗೆ ಹಾಸಿದ್ದ ಬಟ್ಟೆ ನೋಡಿದರು.

"ರೀ, ಆ ಕರೀ ಬಟ್ಟೆ ಎಲ್ಲಿಂದ ತಂದ್ರಿ?"

"ಅಲ್ಲೇ ಕುರ್ಚಿ ಮೇಲಿತ್ತಲ್ಲ ಚಿಂದಿ."

"ಚಿಂದಿ ಅಲ್ಲಾ ಅದು! ವಕೀಲರ ಕೋಟಿನ ಬೆನ್ನು!"

ಕಾರಿನ ಕೆಳಗಿನಿಂದ ಸಣ್ಣ ದನಿ: "ಕರೀ ಬಟ್ಟೆ ಅಲ್ವೇನೇ... ಎಣ್ಣೆ ಕಾಣಲ್ಲ ಬಿಡು."

"ಜಡ್ಜ್ ಮುಂದೆ ನಿಂತಾಗ ವಾಸನೆ ಬರುತ್ತಲ್ಲ, ಅದಕ್ಕೇನು ಮಾಡ್ಲಿ? ಹೊರಗೆ ಬನ್ನಿ ಮೊದ್ಲು!"

ಹೊರಗೆ ಬರುವುದು ಅಷ್ಟು ಸುಲಭವಿರಲಿಲ್ಲ. ಒಳಗೆ ಹೋಗುವಾಗ ಉಸಿರು ಎಳೆದುಕೊಂಡು ಹೋಗಿದ್ದ ಹೊಟ್ಟೆ ಈಗ ನಿರಾಳವಾಗಿ ಹರಡಿಕೊಂಡಿತ್ತು. ಶ್ರೀಮತಿಯವರು ಎರಡೂ ಕಾಲು ಹಿಡಿದು ಎಳೆದರು. ಡಾಕ್ಟರು ಬಂದರು, ಬಿಳಿ ಕೋಟಿನ ಗುಂಡಿಗಳು ಬರಲಿಲ್ಲ. ಬಂದವರ ಮುಖವನ್ನು ಕಂಡು ಆಕೆ ಬೈಯಬೇಕೆಂದಿದ್ದವರು ಬೈಯಲಾರದೆ ನಕ್ಕುಬಿಟ್ಟರು. ಹುಬ್ಬಿನಿಂದ ಗಲ್ಲದವರೆಗೆ ಎಣ್ಣೆ, ಆದರೂ ಮಗುವಿನಂಥ ಖುಷಿ. ಬಯ್ಗುಳವನ್ನು ವಕೀಲರಿಗೆ ಫೋನ್ ಮಾಡುವ ಹೊತ್ತಿಗೆ ಎತ್ತಿಟ್ಟುಕೊಂಡು ಒಳಗೆ ಹೋದರು.

ಹೊಸ ಫಿಲ್ಟರು ಹಾಕಿ, ಬೋಲ್ಟು ಬಿಗಿದು, ಚಿನ್ನದ ಡಬ್ಬಿಯ ಎಣ್ಣೆ ಸುರಿದು ಸ್ಟಾರ್ಟ್ ಮಾಡಿದರೆ, ಆಹಾ! ಕೆಂಪಿ ಗೊಣಗುವುದನ್ನು ಬಿಟ್ಟು ಹಾಡಲು ಶುರುಮಾಡಿತು. ಎದುರು ಮನೆಯ ಗಾಜು ಕೂಡ ಸುಮ್ಮನಾಯಿತು. ಡಾಕ್ಟರ ಕಣ್ಣಲ್ಲಿ ನಿಜಕ್ಕೂ ನೀರು ಬಂತು.

ಭಾನುವಾರ ಬೆಳಗ್ಗೆ ಶೆಡ್ಡಿನ ನೆಲದಲ್ಲಿ ತಟ್ಟೆಯಗಲದ ಒಂದು ಹೊಳಪು.

"ಏನ್ರೀ ಅದು?" ಎಂದರು ಹೊಸ ಬಟ್ಟೆ ಉಟ್ಟು ಬಂದ ಶ್ರೀಮತಿ.

"ನಿನ್ನೆ ಸುರಿಯುವಾಗ ಚೆಲ್ಲಿದ್ದು."

"ಚೆಲ್ಲಿದ್ದು ಇನ್ನೂ ತೊಟ್ಟಿಕ್ತಾ ಇದೆಯಲ್ಲ!"

"ಹೊಸ ಎಣ್ಣೆ. ಒಗ್ಗೋ ತನಕ ಹಾಗೇನೆ. ಕೂತ್ಕೋ."

ಆಕೆ ಸ್ನಾನದ ತೊಟ್ಟಿಗಿಳಿದಂತೆ ಇಳಿದು ಕೂತರು. ಡಾಕ್ಟರು ಮುನ್ನೆಚ್ಚರಿಕೆಗೆಂದು ಉಳಿದ ಚಿನ್ನದ ಡಬ್ಬಿಗಳನ್ನೂ ಒಂದು ಆಲಿಕೆಯನ್ನೂ ಆಕೆಯ ಮಡಿಲಿಗೆ ಹಾಕಿದರು. ಸವಾರಿ ಹೊರಟಿತು.

ಊರು ದಾಟುವವರೆಗೆ ಏನೂ ಇಲ್ಲ. ದಾಟಿದ ಮೇಲೆ ಮೊದಲು ಬಂದದ್ದು ವಾಸನೆ. ಕರಿದ ಬಾಣಲೆಯನ್ನು ಒಲೆಯ ಮೇಲೇ ಮರೆತಂಥ ವಾಸನೆ. ಆಮೇಲೆ ಹೊಗೆ. ಮೊದಲು ಎಳೆ ಎಳೆಯಾಗಿ, ನಂತರ ಬುಸುಬುಸು ಎಂದು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಸುಸ್ತಾದವರಂತೆ ಕೆಳಗೆ ಒರಗತೊಡಗಿತು. ಬೆಟ್ಟದ ಬುಡದಲ್ಲಿ ಡಾಕ್ಟರು ಕಾರನ್ನು ಪಕ್ಕಕ್ಕೆ ತಂದರು.

"ನಿಂತ್ಕೊಳ್ತು!" ಎಂದರು ಶ್ರೀಮತಿ.

"ನಿಂತಿದ್ದಲ್ಲ, ನಿಲ್ಲಿಸಿದ್ದು! ಕೆಟ್ಟು ನಿಲ್ಲಬಾರದು ಅಂತ ತಾನೆ ಮಾತು? ಎಂಜಿನ್ ಓಡ್ತಾ ಇದೆ, ಕಿವಿ ಕೊಟ್ಟು ಕೇಳು. ಆಲಿಕೆ ಕೊಡು."

ಬಗ್ಗಿ ನೋಡಿದರೆ ಕೆಳಗೆ ಒಂದು ಕಡೆಯಲ್ಲ, ಮುಂದೆ, ಹಿಂದೆ, ಪಕ್ಕ, ಎಲ್ಲೆಲ್ಲಿ ಜೋಡಣೆ ಇದೆಯೋ ಅಲ್ಲೆಲ್ಲ ಎಣ್ಣೆ ಜಿನುಗಿ, ಸುಡುವ ಸೈಲೆನ್ಸರ್ ಪೈಪಿನ ಮೇಲೆ ತೊಟ್ಟಿಕ್ಕಿ ಹೊಗೆಯಾಗುತ್ತಿತ್ತು. ಎಂಜಿನ್ ಓಡಿಸಿಕೊಂಡೇ ಎಣ್ಣೆ ಸುರಿಯಲು ಹೋಗಿ ಡಾಕ್ಟರು ಅರ್ಧವನ್ನು ತಮ್ಮ ಅಂಗಿಗೇ ಅಭಿಷೇಕ ಮಾಡಿಕೊಂಡರು. ಆಮೇಲೆ ಮೆಕ್ಯಾನಿಕ್ಕಿಗೆ ಫೋನ್ ಹಚ್ಚಿದರು.

"ಏನಪ್ಪಾ ಇದು? ನಿಮ್ಮನ್ನ ಕೇಳಿಯೇ ಮಾಡಿದ್ದಲ್ಲ! ಎಲ್ಲಾ ಕಡೆ ಸೋರ್ತಿದೆ!"

"ನನ್ನನ್ನ ಕೇಳಿದ್ರಾ?" ಈಗ ಅವನ ಬಾಯಲ್ಲಿ ಹತ್ತಿ ಇರಲಿಲ್ಲ. ಇರಬೇಕಾಗಿತ್ತು ಎಂದು ಡಾಕ್ಟರಿಗೆ ಅನ್ನಿಸಿತು. "ಬೇಡಾ ಬೇಡಾ ಅಂತ ಎರಡೂ ಕೈ ಎತ್ತಿ ಕಿರುಚಿದ್ನಲ್ಲ ಸಾರ್! ಎದೆ ಎದೆ ಬಡ್ಕೊಂಡೆ! ನೀವು ಬೆನ್ನು ತಟ್ಟಿ ಕಳಿಸಿದ್ರಿ!"

"ನಾನು ಅದನ್ನ ಕೃತಜ್ಞತೆ ಅಂದ್ಕೊಂಡೆ..."

"ಗಾಡಿ ಈಗ್ಲೇ ಆಫ್ ಮಾಡಿ!"

"ಅದು ಸಾಧ್ಯ ಇಲ್ಲಪ್ಪಾ. ಆಫ್ ಮಾಡಿದ್ರೆ ಕಾರೇ ಹೋಗುತ್ತೆ," ಎಂದು ಡಾಕ್ಟರು ಫೋನಿಟ್ಟರು. ಪಾಪ, ಅವರ ಮುಖ ಸಪ್ಪಗಾಗಿತ್ತು. ಶ್ರೀಮತಿಯವರು ಅದನ್ನು ನೋಡಿ ಮಡಿಲಿನ ಡಬ್ಬಿಯ ಮುಚ್ಚಳವನ್ನು ತಾವೇ ತಿರುಚಿ ತೆಗೆದುಕೊಟ್ಟರು. "ಇದನ್ನೂ ಸುರಿರಿ. ಬೇಗ ಹೊರಡಿ," ಎಂದರು.

ಬೆಟ್ಟದ ದಾರಿ ಸುತ್ತು ಸುತ್ತಾಗಿ ಏರುತ್ತದೆ. ಕೆಂಪಿ ಏರಿತು. ಸುಮ್ಮನೆ ಏರಲಿಲ್ಲ, ಇಡೀ ಬೆಟ್ಟಕ್ಕೆ ಧೂಪ ಹಾಕಿಕೊಂಡು ಏರಿತು! ಹಿಂದಿನಿಂದ ಬಂದವರು ಹಾರ್ನ್ ಬಾರಿಸಿದರು, ಕಿಟಕಿ ಇಳಿಸಿ "ಬೆಂಕಿ! ಬೆಂಕಿ!" ಎಂದು ಕೂಗಿದರು. ಡಾಕ್ಟರು ಅದು ಪ್ರೋತ್ಸಾಹವೆಂಬಂತೆ ಕೈಬೀಸಿದರು. ಯಾವನೋ ಪುಣ್ಯಾತ್ಮ ಫೋನ್ ಮಾಡಿರಬೇಕು, ಮೂರನೆಯ ತಿರುವಿನಲ್ಲಿ ಹಿಂದಿನ ಹೊಗೆಯೊಳಗಿಂದ ಢಣಢಣ ಗಂಟೆ ಕೇಳಿಸಿತು. ಶ್ರೀಮತಿಯವರು ತಿರುಗಿ ನೋಡಿದರು.

"ರೀ, ಬೆಂಕಿ ಆರಿಸೋ ಲಾರಿ ಬರ್ತಿದೆ!"

"ಯಾರ ಮನೆಗೋ ಪಾಪ. ದಾರಿ ಬಿಡ್ತೀನಿ ಇರು."

"ಯಾರ ಮನೆಗೂ ಅಲ್ಲ, ನಮಗೇನೇ!"

"ಕೆಂಪು ಕಾರು, ನಿಲ್ಸಿ!" ಎಂದು ಲಾರಿಯ ಧ್ವನಿವರ್ಧಕ ಗರ್ಜಿಸಿತು. "ಕೆಂಪು ಕಾರು! ಎಡಕ್ಕೆ ಹಾಕಿ ನಿಲ್ಸಿ!"

"ನಿಲ್ಸಿದ್ರೆ ಪಂತ ಸೋಲ್ತೀನೀ!" ಎಂದು ಡಾಕ್ಟರು ಕಿಟಕಿಯಿಂದ ತಲೆ ಹೊರಹಾಕಿ ಕಿರುಚಿ, ಜೀವನದಲ್ಲಿ ಮೊದಲ ಸಲ ಆಕ್ಸಿಲರೇಟರ್ ತುಳಿದು ಕೆಂಪಿಯ ಕಿವಿ ಹಿಂಡಿದರು. ಆಗ ನೋಡಬೇಕಿತ್ತು ನೀವು! ಹೊಗೆಯ ನಡುವೆಯೂ ಆ ಮುದಿ ಕಾರು ಮುಂಗಾಲೆತ್ತಿ ನೆಗೆದಂತೆ ನೆಗೆಯಿತು. ಶ್ರೀಮತಿಯವರು ಆಲಿಕೆಯನ್ನು ಎದೆಗವಚಿಕೊಂಡು "ಅಯ್ಯಯ್ಯೋ!" ಎಂದು ಕೂಗಿದರು, ಮರುಕ್ಷಣವೇ "ಹೋಗ್ಲಿ, ಬಿಡಬೇಡಿ!" ಎಂದೂ ಕೂಗಿದರು. ಎರಡನೆಯದನ್ನು ಆಕೆ ಇವತ್ತಿಗೂ ಒಪ್ಪುವುದಿಲ್ಲ.

ಷಡ್ಡಕನ ಗೇಟಿಗೆ ಕೆಂಪಿಯ ಮೂಗು ತಾಗಿತು. ತಾಗಿ, ಒಂದು ಸಲ ಕೆಮ್ಮಿ, ಸುಮ್ಮನಾಯಿತು. ಅದರ ಹಿಂದೆ ಗಂಟೆ ಬಾರಿಸಿಕೊಂಡು ಲಾರಿ, ಲಾರಿಯ ಹಿಂದೆ ಬೆಟ್ಟದ ಜನ. ಅಗ್ನಿಶಾಮಕರು ಕೊಳವೆ ಹಿಡಿದು ಧುಮುಕಿ, ಬಗ್ಗಿ ನೋಡಿ, ಬೆಂಕಿ ಇಲ್ಲವೆಂದು ಬೇಜಾರಾಗಿ, ಬಂದ ತಪ್ಪಿಗೆ ಡಾಕ್ಟರಿಗೆ ಚೆನ್ನಾಗಿ ಬೈದು ಹೋದರು. ಡಾಕ್ಟರಿಗೆ ಅದು ಕೇಳಿಸಲೇ ಇಲ್ಲ.

"ಗೆದ್ದೆ! ತಳ್ಳಲಿಲ್ಲ, ಎಳೀಲಿಲ್ಲ, ಕೆಟ್ಟು ನಿಲ್ಲಲಿಲ್ಲ! ಊಟದ ಹೊತ್ತಿಗೆ ಮುಂಚೆ!"

"ಗೆದ್ರಿ ರೀ," ಎಂದರು ಶ್ರೀಮತಿ. ಮುಖದ ತುಂಬ ಮಸಿ. "ಮಾತು ಮಾತೇ. ಇನ್ನು ಕಾರು ಮಾರಿ ಅಂತ ನಾನು ಕೇಳಲ್ಲ."

ಊಟಕ್ಕೆ ಕೂತಾಗ ಡಾಕ್ಟರ ಎದೆ ಇನ್ನೂ ಉಬ್ಬಿಯೇ ಇತ್ತು, ಷಡ್ಡಕನ ಅಂಗಿ ಅವರಿಗೆ ಬಿಗಿಯಾಗಿದ್ದುದೂ ಒಂದು ಕಾರಣ. ಮೇಜಿನ ತಲೆಯಲ್ಲಿ ಮಾವನವರು ಕೂತಿದ್ದರು. ಮಾತು ಕಡಿಮೆ, ಊಟ ಇನ್ನೂ ಕಡಿಮೆ.

"ಅಲ್ಲಾ ಭಾವ, ನಿನ್ನೆ ತನಕ ಒಂದು ತೊಟ್ಟೂ ಸೋರದೇ ಇದ್ದ ಗಾಡಿ, ನೀವು ರಿಪೇರಿ ಮಾಡಿದ ಮೇಲೆ ಹೇಗೆ ಸೋರ್ತು?" ಎಂದು ಷಡ್ಡಕ ಕೆಣಕಿದ.

ಡಾಕ್ಟರು ಗಂಟಲು ಸರಿಮಾಡಿಕೊಂಡರು. ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ತಿಳಿಹೇಳುವ ಆ ತುಂಬುಗಂಟಲಿನ ದನಿ ತಾನಾಗಿಯೇ ಬಂತು.

"ನೋಡಪ್ಪಾ, ತಪ್ಪು ತಿಳ್ಕೋಬಾರದು. ಒಳಗಿನ ರಬ್ಬರ್ ಸೀಲುಗಳು ಮೊದಲೇ ಸವೆದು ಸಡಿಲ ಆಗಿದ್ವು. ಹಳೇ ಕೊಳೆ ಅವನ್ನ ಹಿಡಿದು ಕೂರಿಸಿತ್ತು, ಅಷ್ಟೇ. ನಾನು ಕೊಳೆ ತೆಗೆದೆ. ಸಡಿಲ ಇದ್ದದ್ದು ಈಗ ಕಾಣಿಸ್ತು. ಇದರಲ್ಲಿ ಕ್ಲೀನ್ ಮಾಡಿದವನ ತಪ್ಪೇನಿದೆ?"

ಎಲ್ಲರೂ ತಲೆಯಾಡಿಸಿದರು. ಮಾವನವರು ಮಾತ್ರ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಅಳಿಯಂದಿರೇ, ಈ ಮಾತು ನಾನು ಇದಕ್ಕೆ ಮುಂಚೆ ಎಲ್ಲೋ ಕೇಳಿದೀನಿ."

"ಎಲ್ಲಿ ಮಾವ?"

"ನಿಮ್ಮ ಕುರ್ಚೀಲೇ. ನೀವು ನನ್ನ ಹಲ್ಲು ಕ್ಲೀನ್ ಮಾಡಿದ ವಾರ." ಮಾವನವರು ಬಾಯಿಗೆ ಕೈಹಾಕಿ, ಮೇಲಿನ ಸಾಲು, ಕೆಳಗಿನ ಸಾಲು, ಎರಡನ್ನೂ ತೆಗೆದು ತಟ್ಟೆಯ ಪಕ್ಕದಲ್ಲಿ ಇಟ್ಟರು. ಆಮೇಲೆ ಬೊಚ್ಚುಬಾಯಲ್ಲಿ ಶಾಂತವಾಗಿ ಹೇಳಿದರು: "ಇನ್ನು ಎಲ್ಲಾ ಕಿತ್ತು ಹೊಸಾ ಸೆಟ್ ಕೂರಿಸೋದೇ. ಬೇರೆ ದಾರಿ ಇಲ್ಲ. ಅಭ್ಯಾಸ ಆಗುತ್ತೆ."

ಷಡ್ಡಕ ಕುರ್ಚಿಯಿಂದ ಜಾರಿಯೇಬಿಟ್ಟ. ನಾದಿನಿ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಡಾಕ್ಟರ ತಲೆ ತಟ್ಟೆಯತ್ತ ಬಾಗಿತು, ಊಟ ಮುಗಿಯುವವರೆಗೂ ಮೇಲೆ ಬರಲಿಲ್ಲ.

ಮಧ್ಯಾಹ್ನ ಮೆಕ್ಯಾನಿಕ್ಕು ಬಂದು ನೋಡಿ, ಮಾವನವರ ಮಾತನ್ನೇ ಹೇಳಿದ. ಸೀಲುಗಳೆಲ್ಲ ಹೊಸದಾಗಬೇಕು. ಇಷ್ಟು ಹಳೆಯ ಗಾಡಿಗೆ ಅವು ಎಲ್ಲೆಲ್ಲಿಂದಲೋ ಬರಬೇಕು. ಬರುವವರೆಗೆ ಕೆಂಪಿಯನ್ನು ಅಲ್ಲಾಡಿಸುವಂತಿಲ್ಲ. ಅದನ್ನು ಷಡ್ಡಕನ ಅಂಗಳದ ಮೂಲೆಗೆ ತಳ್ಳಿ, ಹೊಟ್ಟೆಯ ಕೆಳಗೆ ಬೋಗುಣಿಗಳನ್ನು ಸಾಲಾಗಿ ಇಟ್ಟರು. ಶ್ರೀಮತಿಯವರು, ಹಾಳಾದ ಕೋಟಿನ ಬೆನ್ನನ್ನು ಮತ್ತೆ ಕತ್ತರಿಸಬೇಕೆಂದು ಹೇಳಿ, ಷಡ್ಡಕನ ಸದ್ದಿಲ್ಲದ ಕಾರಿನಲ್ಲಿ ಮುಂಚೆಯೇ ಮನೆಗೆ ಹೊರಟುಹೋದರು. ಡಾಕ್ಟರು ಅಲ್ಲೇ ಉಳಿದು ಅಂಗಳದ ಹೊಸ ಕಲ್ಲಿನ ಮೇಲಿನ ಎಣ್ಣೆಯ ಕಲೆಯನ್ನು ಮಂಡಿಯೂರಿ ಉಜ್ಜಿದರು. ಅದನ್ನೂ ಪೂರ್ತಿ ಕ್ಲೀನ್ ಮಾಡಲು ಹೊರಟವರನ್ನು ನಾದಿನಿ ಗಾಬರಿಯಿಂದ ತಡೆದಳು: "ಸಾಕು ಭಾವ, ಸಾಕು! ಕಲ್ಲು ಎದ್ದುಬಿಟ್ಟೀತು!"

ಸಂಜೆ ಡಾಕ್ಟರು ಯಾರದೋ ಸ್ಕೂಟರಿನ ಹಿಂದೆ ಕೂತು ಮನೆಗೆ ಬಂದಿಳಿದರು. ಮನೆಯೊಳಗೆ ದೀಪವಿರಲಿಲ್ಲ. ಶೆಡ್ಡಿನಲ್ಲಿ ದೀಪವಿತ್ತು. ಒಳಗಿನಿಂದ ಹೊಲಿಗೆ ಯಂತ್ರದ ಕಟಕಟ ಸದ್ದು. ಇಣುಕಿದರೆ ನೆಲ ತೊಳೆದು ಥಳಥಳ ಎನ್ನುತ್ತಿದೆ. ಕಪಾಟಿನಲ್ಲಿ ಬಟ್ಟೆಯ ಸುರುಳಿಗಳು, ಗೋಡೆಯಲ್ಲಿ ಸಾಲಾಗಿ ಕರೀ ಕೋಟುಗಳು, ನಡುವೆ ಶ್ರೀಮತಿಯವರು ರಾಣಿಯಂತೆ ಕೂತಿದ್ದಾರೆ.

"ಪಂತ ನಾನು ಗೆದ್ದಿದ್ದೆ ಅಲ್ವೇನೇ?" ಎಂದರು ಡಾಕ್ಟರು ಬಾಗಿಲಲ್ಲೇ ನಿಂತು.

"ಯಾರು ಇಲ್ಲ ಅಂದ್ರು? ಕಾರು ಮಾರಿ ಅಂತ ಕೇಳಿದ್ನಾ? ಖಾಲಿ ಬಿದ್ದಿತ್ತು, ಕೂತ್ಕೊಂಡೆ. ನಿಮ್ಮ ಕೆಂಪಿ ಬಂದ ದಿನ ನೋಡೋಣ."

ಡಾಕ್ಟರು ಇಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಕಣ್ಣು ಕಿಟಕಿಯ ಕಡೆ ಹೋಯಿತು. ಕಿಟಕಿಗೆ ಹೂವಿನ ಪರದೆ. ಅಂಚು ಮಡಿಸಿ, ಲೈನಿಂಗ್ ಕೊಟ್ಟು, ಆ ದೊಡ್ಡ ಕಿಟಕಿಯ ಅಳತೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿದೆ. ಒಂದು ಮಧ್ಯಾಹ್ನದಲ್ಲಿ ಆಗುವ ಕೆಲಸವಲ್ಲ ಅದು.

"ಈ ಪರದೆ ಯಾವಾಗ ಹೊಲಿದೆ?"

ಶ್ರೀಮತಿಯವರು ಯಂತ್ರ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ನೀವು ಎಂಜಿನ್ ಕ್ಲೀನ್ ಮಾಡ್ತೀನಿ ಅಂದ್ರಲ್ಲ, ಅವತ್ತು ಸಂಜೆಗೇ ಶುರು ಮಾಡಿದೆ."